ಆಲಿಯಂ ಅಂತ ಉಳ್ಳಾಗಡ್ಡಿ ಮಾರ್ತಾರ, ಹುಬ್ಬಳ್ಳಿ-ಧಾರವಾಡದವರು ಹುಷಾರ್!

ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಆಲಿಯಂ ಅನ್ನುವ ಹೂವಿನ ಗಡ್ಡೆ ತರಿಸಿದ್ದೆ. ಗಡ್ಡೆಗೆ 180 ರೂಪಾಯಿ. ಹತ್ತು ಗಡ್ಡೆ, 1,800 ರೂಪಾಯಿ. ಬಂದದ್ದು ಉಳ್ಳಾಗಡ್ಡಿ. ಹೌದ್ರೀ, ಅಡುಗೆಮನೆ ಬುಟ್ಟಿಯಲ್ಲಿ ಬಿದ್ದಿರುವ ಅದೇ ಉಳ್ಳಾಗಡ್ಡಿ. ನಗುವವರು ಮೊದಲು ನಕ್ಕುಬಿಡಿ, ಆಮೇಲೆ ಓದಿ. ಅದೇ ಫೋಟೋ, ಅದೇ ರೇಟು ಈಗ ಮತ್ತೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಂದಿದೆ.

ಫೋಟೋದಲ್ಲಿ ಇದ್ದದ್ದು ಆಲಿಯಂ ಜೈಗ್ಯಾಂಟಿಯಂ. ನಾಲ್ಕೈದು ಅಡಿ ದಂಟು, ತುದಿಗೆ ನೇರಳೆ ಚೆಂಡು. ಇದರ ತವರು ಇರಾನ್, ಅಫ್ಘಾನಿಸ್ತಾನ, ತುರ್ಕಮೆನಿಸ್ತಾನದ ಕಡೆಯ ಗುಡ್ಡಗಾಡು. ಸುಮಾರು ಮೂರು ತಿಂಗಳು 4ರಿಂದ 9 ಡಿಗ್ರಿ ಚಳಿ ತಿನ್ನದೆ ದಂಟು ಎತ್ತುವುದಿಲ್ಲ. ಧಾರವಾಡದಲ್ಲಿ ರಾತ್ರಿ 14 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ, ಈ ಗಡ್ಡೆಗೆ ಅದು ಚಳಿಯೇ ಅಲ್ಲ. ಇದು ಗೊತ್ತಿದ್ದೇ ಮಾರುವವನನ್ನು ಕೇಳಿದ್ದು. ಉತ್ತರ ಬಂತು: "ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ತಂದ ಮಾಲ್ ರೀ ಸರ, ಹಚ್ಚೂದಷ್ಟ ನಿಮ್ಮ ಕೆಲಸ." ಆ ಒಂದು ಮಾತಿಗೆ ಫೋನ್‌ಪೇ ಮಾಡಿದ್ದಾಯಿತು. ಬಿಲ್ ಕೇಳಲಿಲ್ಲ. ತಪ್ಪು ಅಲ್ಲಿಂದಲೇ ಶುರು.

ಗಡ್ಡೆ ನೋಡಿದಾಗಲೇ ಅನುಮಾನ ಬರಬೇಕಿತ್ತು. ಜೈಗ್ಯಾಂಟಿಯಂನ ಹೂ ಬಿಡುವ ಗಡ್ಡೆಯ ಸುತ್ತಳತೆ 20 ಸೆಂ.ಮೀ. ದಾಟಿರುತ್ತದೆ, ಅಂಗೈ ತುಂಬುತ್ತದೆ. ಬಂದವು 4 ಸೆಂ.ಮೀ. ಅಡ್ಡಗಲದವು, ಅಂದರೆ ಸುತ್ತಳತೆ ಹನ್ನೆರಡೂವರೆ ಅಷ್ಟೇ. ಮೇಲಿನ ಸಿಪ್ಪೆ ಪೂರ್ತಿ ಸುಲಿದು ಗುಲಾಬಿ ಬಣ್ಣದ ಪುಡಿ ಬಳಿದಿದ್ದರು. "ತೊಳೀಬ್ಯಾಡ್ರಿ, ಕೊಳೀತಾವು" ಅಂತ ತಾಕೀತು ಬೇರೆ. ಉಳ್ಳಾಗಡ್ಡಿ ವಾಸನೆ ಬರುತ್ತಿತ್ತು, ಆದರೆ ಈ ಕುಲದ ಎಲ್ಲ ಗಡ್ಡೆಗಳಿಗೂ ಹೆಚ್ಚುಕಡಿಮೆ ಅದೇ ವಾಸನೆ. ಮೂಗು ನಂಬಿ ಹಿಡಿಯಲಾಗದ ಮೋಸ ಇದು.

ಇನ್ನು ಆ ಮಹಾರಾಜರಿಗೆ ಹಾಸಿದ ಹಾಸಿಗೆ ಕೇಳಿ. ಎರೆ ಮಣ್ಣಿನಲ್ಲಿ ನೀರು ನಿಂತು ಗಡ್ಡೆಯ ಬುಡ ಕೊಳೆಯುತ್ತದೆ ಅಂತ ಒಂದು ಅಡಿ ಎತ್ತರದ ಏರುಮಡಿ. ಎರಡು ಪುಟ್ಟಿ ಮಸಾರಿ ಮಣ್ಣು, ಒಂದು ಪುಟ್ಟಿ ಮರಳು, ಒಂದು ಪುಟ್ಟಿ ಕಳಿತ ತಿಪ್ಪೆಗೊಬ್ಬರ. 15 ಸೆಂ.ಮೀ. ಆಳ, ಗಡ್ಡೆಯಿಂದ ಗಡ್ಡೆಗೆ 30 ಸೆಂ.ಮೀ. ಇದೆಲ್ಲ ಉಳ್ಳಾಗಡ್ಡಿಗೆ! ರೋಣ, ನರಗುಂದದ ರೈತರು ಬರೀ ಎರೆ ಹೊಲದಲ್ಲಿ ಬೆಳೆಯುವ ಉಳ್ಳಾಗಡ್ಡಿಗೆ!

ನವೆಂಬರ್‌ನಲ್ಲಿ ಹಚ್ಚಿದ್ದು ಸರಸರ ಚಿಗುರಿತು. ಜೈಗ್ಯಾಂಟಿಯಂ ಎಲೆ ಚಪ್ಪಟೆ, ಪಟ್ಟಿಯ ಹಾಗೆ ಅಗಲ, ಬೂದುಹಸಿರು, ನೆಲಕ್ಕೆ ಬಾಗಿರುತ್ತದೆ. ಇಲ್ಲಿ ಬಂದದ್ದು ಕೊಳವೆ. ದುಂಡಗಿನ, ಪೊಳ್ಳು ಕೊಳವೆ. ಎಲೆಯ ಫೋಟೋ ಕಳಿಸಿದರೆ: "ನೀರ ಜಾಸ್ತಿ ಆಗೇತ್ರಿ, ಅದಕ್ಕ ಎಲಿ ಹಂಗ ಬಂದಾವು." ನೀರು ಹೆಚ್ಚಾದರೆ ಎಲೆ ಹಳದಿ ಆಗುತ್ತದೆ, ಕೊಳೆಯುತ್ತದೆ. ಚಪ್ಪಟೆ ಎಲೆ ಸುತ್ತಿಕೊಂಡು ಪೈಪ್ ಆಗುವುದು ಯಾವ ಊರಲ್ಲಿ?

ಜನವರಿ ಕೊನೆಗೆ ದಂಟು ಬಂತು. ಜೈಗ್ಯಾಂಟಿಯಂ ದಂಟು ಗಟ್ಟಿ. ಇದು ನಡುವಿಗಿಂತ ಸ್ವಲ್ಪ ಕೆಳಗೆ ಉಬ್ಬಿಕೊಂಡಿತ್ತು, ಹಿಚುಕಿದರೆ ಟೊಳ್ಳು. ಅಲ್ಲಿಗೆ ಮುಗಿಯಿತು ಎಲ್ಲ. ಹಾಲು ಹಾಕುವ ಅಮ್ಮ ಗೇಟಿನಲ್ಲೇ ನಿಂತು, "ಉಳ್ಳಾಗಡ್ಡಿ ಬೀಜಕ್ಕ ಬಿಟ್ಟೀರೇನ್ರೀ?" ಅಂದರು. "ಹೂಂ" ಅನ್ನುವುದು ಬಿಟ್ಟು ಬೇರೆ ಏನು ಹೇಳುವುದು!

ಮೊಗ್ಗು ಒಡೆದಾಗ ಬಿಳಿ ಚೆಂಡು. ಮತ್ತೆ ಫೋಟೋ. "ತಡೀರಿ ಸರ, ಬಣ್ಣಾ ಆಮ್ಯಾಲ ತಿರಗತೈತಿ." ಹತ್ತು ದಿನ ಬಿಟ್ಟು ರೊಕ್ಕ ವಾಪಸ್ ಕೇಳಿದಾಗ ಬಂದ ಉತ್ತರ ಹಾಗೇ ಹಾಕುತ್ತಿದ್ದೇನೆ: "ನೀವು ಆಲಿಯಂ ಕೇಳಿದ್ರಿ, ನಾ ಆಲಿಯಂ ಕೊಟ್ಟೀನಿ. ಉಳ್ಳಾಗಡ್ಡಿನೂ ಆಲಿಯಂ ಅಲ್ಲೇನ್ರೀ?"

ಉಳ್ಳಾಗಡ್ಡಿಯ ಶಾಸ್ತ್ರೀಯ ಹೆಸರು ಆಲಿಯಂ ಸೀಪಾ. ಸರಿ ಇದೆ. ಬಳ್ಳೊಳ್ಳಿಯೂ ಆಲಿಯಂ ಸಟೈವಂ. ಹಾಗಂತ ನೇರಳೆ ಹೂವಿನ ಫೋಟೋ ತೋರಿಸಿ, ಉಳ್ಳಾಗಡ್ಡಿಯ ಸಿಪ್ಪೆ ಸುಲಿದು, ಬಣ್ಣ ಬಳಿದು 180ಕ್ಕೆ ಮಾರುವುದೇ? ಮಾತು ಬೆಳೆಸುವಷ್ಟರಲ್ಲಿ ನಂಬರ್ ಬ್ಲಾಕ್.

ಬಿಲ್ ಇಲ್ಲದೆ ಒಂದು ಗಡ್ಡೆಯನ್ನೂ ಕೊಳ್ಳಬೇಡಿ. ಬಿಲ್ ಮೇಲೆ ಪೂರ್ತಿ ಹೆಸರು ಬರೆಸಿ, ಬರೀ "ಆಲಿಯಂ" ಅಂತ ಬರೆದರೆ ಗಡ್ಡೆ ಅಲ್ಲೇ ಬಿಟ್ಟು ಎದ್ದು ಬನ್ನಿ. ಬಣ್ಣ ಬಳಿದ, ಸಿಪ್ಪೆ ಸುಲಿದ ಗಡ್ಡೆ ಮುಟ್ಟಲೇಬೇಡಿ. ಗ್ಲೋಬ್‌ಮಾಸ್ಟರ್ ಅನ್ನುವ ಆಲಿಯಂ ತಳಿಯ ಬೀಜ ಇದೆ ಅನ್ನುವವನು ಶುದ್ಧ ಸುಳ್ಳುಗಾರ, ಆ ಹೈಬ್ರಿಡ್ ಬೀಜವನ್ನೇ ಕಟ್ಟುವುದಿಲ್ಲ. ಅಸಲಿ ಗಡ್ಡೆ ಸಿಕ್ಕರೂ "ಚಳಿ ತಿನಿಸಿ ತಂದೇವಿ" ಅನ್ನುವ ಮಾತು ನಂಬದೆ ನೀವೇ ಪೇಪರ್ ಚೀಲದಲ್ಲಿ ಹಾಕಿ 12 ವಾರ ಫ್ರಿಜ್‌ನ ಕೆಳಗಿನ ಟ್ರೇಯಲ್ಲಿಡಿ. ಸೇಬು, ಬಾಳೆಹಣ್ಣಿನ ಜೊತೆ ಬೇಡ, ಹಣ್ಣು ಬಿಡುವ ಎಥಿಲೀನ್ ಗಾಳಿ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಒಂದೇ ಹೂವು, ಮರುವರ್ಷ ಫ್ರಿಜ್ ಮತ್ತೆ ಖಾಲಿ ಮಾಡಬೇಕು. ಚೆಂಡಿನಂಥ ಹೂವೇ ಬೇಕಿದ್ದರೆ ಫುಟ್‌ಬಾಲ್ ಲಿಲಿ ಹಚ್ಚಿ, ಮೊದಲ ಮಳೆ ಬಿದ್ದರೆ ತಾನೇ ಕೆಂಪಗೆ ಅರಳುತ್ತದೆ.

ಹತ್ತರಲ್ಲಿ ಎರಡು ಗಡ್ಡೆ ಹಚ್ಚದೆ ಹಾಗೇ ಉಳಿದಿವೆ. ಒಗ್ಗರಣೆಗಾದರೂ ಹಾಕೋಣ ಅಂದರೆ ಆ ಗುಲಾಬಿ ಪುಡಿ ಏನು ಅಂತ ಆತ ಇನ್ನೂ ಹೇಳಿಲ್ಲ.