ಮಗ ಎದ್ದಾಗ ಗುರುತು ಹಿಡಿದ

ಹೋದ ತಿಂಗಳು ನಮ್ಮ 4 ವರ್ಷದ ಮಗನಿಗೆ ಹುಬ್ಬಳ್ಳಿಯಲ್ಲಿ ಟಾನ್ಸಿಲ್ ಆಪರೇಷನ್ ಮಾಡಿಸಿದೆವು. ದವಾಖಾನೆಯ ಹೆಸರು ಬರೆಯುತ್ತಿಲ್ಲ, ಹೊಗಳಿಕೆ ಜೊತೆ ಸ್ವಲ್ಪ ಬೈಗುಳವೂ ಇದೆ.

ನನಗೆ ಆಪರೇಷನ್‌ಗಿಂತ ಮಗು ಎಚ್ಚರ ಆಗುವ ಹೊತ್ತಿನದೇ ಭಯ. ದೊಡ್ಡವಳಿಗೂ ಇದೇ ಆಪರೇಷನ್ ಬೇರೆ ಕಡೆ ಆಗಿತ್ತು. ಎದ್ದವಳೇ ಕೈಕಾಲು ಬಡಿದು ಸಲೈನ್ ಸೂಜಿ ಕಿತ್ತಳು. 'ಅವ್ವಾ' ಅಂತ ಕೂಗುತ್ತಿದ್ದಳು, ಎದುರಿಗೇ ನಿಂತ ನನ್ನ ಗುರುತು ಮಾತ್ರ ಹತ್ತಲಿಲ್ಲ. ಇಬ್ಬರು ನರ್ಸ್ ಒತ್ತಿ ಹಿಡಿದರು. ಹೀಗೂ ಆಗಬಹುದು ಅಂತ ಯಾರೂ ಹೇಳಿರಲಿಲ್ಲ. ಮನೆಗೆ ಬಂದ ಮೇಲೆ ನಮ್ಮತ್ತೆ ದೃಷ್ಟಿ ತೆಗೆದರು.

ಈ ಸಲ ಅರಿವಳಿಕೆ ಡಾಕ್ಟರ್ ಹಿಂದಿನ ದಿನವೇ ಕೂರಿಸಿಕೊಂಡು ಮಾತಾಡಿದರು. ಸೆವೋಫ್ಲುರೇನ್ ಅನ್ನೋ ಗ್ಯಾಸ್ ಕೊಟ್ಟಾಗ 2ರಿಂದ 5 ವರ್ಷದ ಮಕ್ಕಳಲ್ಲಿ ಹೀಗೆ ಗುರುತು ಹತ್ತದೆ ಕೈಕಾಲು ಬಡಿಯುತ್ತ ಏಳುವುದು ಜಾಸ್ತಿಯಂತೆ, ಮೂಗು-ಗಂಟಲಿನ ಆಪರೇಷನ್ ಆದರೆ ಇನ್ನೂ. ಕಣ್ಣು ತೆರೆದಿರುತ್ತದೆ, ಮಿದುಳಿಗೆ ಪೂರ್ತಿ ಎಚ್ಚರ ಆಗಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಅರ್ಧ ಗಂಟೆಯೊಳಗೆ ತಾನಾಗಿಯೇ ಇಳಿಯುತ್ತದೆ. ಮಗಳ ಕಥೆ ಕೇಳಿ ಅದನ್ನೂ ಫೈಲಿನಲ್ಲಿ ಬರೆದುಕೊಂಡರು.

ಊಟ 6 ತಾಸು ಮೊದಲೇ ಬಂದ್. ನೀರು ಮಾತ್ರ 2 ತಾಸು ಮೊದಲಿನವರೆಗೂ ಕುಡಿಸಿ ಅಂದರು, ಬಾಯಾರಿ ಅಳುವುದಾದರೂ ತಪ್ಪಿತು. ಥಿಯೇಟರ್ ಬಾಗಿಲವರೆಗೂ ಅವನ ಕೈಯಲ್ಲಿ ಮೊಬೈಲ್, ಅದರಲ್ಲಿ ಕಾರ್ಟೂನ್. ಏಳುವ ಮೊದಲೇ ನೋವಿನ ಔಷಧ, ಜೊತೆಗೆ ಡೆಕ್ಸ್‌ಮೆಡಿಟೊಮಿಡಿನ್ ಅನ್ನೋ, ಮಗುವನ್ನು ಶಾಂತವಾಗಿಡುವ ಇಂಜೆಕ್ಷನ್. ಅದರಿಂದ ಏಳೋದು ಸ್ವಲ್ಪ ತಡ ಆಗಬಹುದು ಅಂತಲೂ ತಿಳಿಸಿದ್ದರು. ತಡವಾಯಿತು ಕೂಡ. ಆದರೆ ಕಾಯುವಾಗ ನಾನು ಹೊರಗಿರಲಿಲ್ಲ, ಮಂಚದ ಪಕ್ಕದಲ್ಲೇ ಕೂತಿದ್ದೆ. ಲೈಟ್ ಸಣ್ಣದು ಮಾಡಿದ್ದರು. ನಾನು ಅವನ ಕೆನ್ನೆ ಮುಟ್ಟಲು ಹೋದರೆ ನರ್ಸ್, "ಎಬ್ಬಸಬ್ಯಾಡ್ರಿ ಅಕ್ಕಾರ, ತಾನ ಏಳ್ತಾನ" ಅಂದರು.

ಎದ್ದ. ಎರಡು ನಿಮಿಷ ಮುಲುಗಿದ. ನನ್ನ ಮುಖ ನೋಡಿ, "ನನ್ ಚಿಗರಿ ಎಲ್ಲೈತಿ?" ಅಂದ. ಅವನ ಆಟಿಕೆ ಬಸ್ಸಿನ ಹೆಸರದು, ಧಾರವಾಡಕ್ಕೆ ಓಡುವ ಚಿಗರಿ ಬಸ್ ಅಂದರೆ ಅವನಿಗೆ ಪ್ರಾಣ. ನನಗೆ ಅಲ್ಲೇ ಅಳು ಬಂತು.

ಇನ್ನು ಬೈಗುಳ. ಬಿಲ್ ಕೌಂಟರಿನವರು ಹೆಸರು ಕೂಗುವ ಸ್ಪೀಕರ್ ಒಂದು ಆ ಕೋಣೆಯಲ್ಲೇ, ಮಂಚದ ನೆತ್ತಿ ಮೇಲೆ ಇದೆ! ಮಗು ಬೆಚ್ಚಬಾರದು ಅಂತ ಲೈಟ್ ಸಣ್ಣದು ಮಾಡಿ, ಮೇಲಿಂದ ಮೈಕಿನಲ್ಲಿ ಕೂಗಿದರೆ ಹೇಗ್ರಿ? ನಮ್ಮವನು ಮಲಗಿದ್ದಾಗ ಮೂರು ಸಲ ಕೂಗಿತು. ನಾಲ್ಕು ಸ್ಟಾರ್ ಕೊಟ್ಟಿದ್ದೇನೆ, ಐದನೆಯದು ಸ್ಪೀಕರ್ ತೆಗೆದ ಮೇಲೆ.