ಎರಡು ಸೀಸನ್ನಿಗೊಮ್ಮೆ ಮುಖ ಬದಲಿಸುವ ‘ದಿ ಕ್ರೌನ್’

ಸಾಗರದ ಸುತ್ತಮುತ್ತ ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಸಂಜೆ ಆರರ ಮೇಲೆ ಮನೆಯಿಂದ ಹೊರಗೆ ಕಾಲಿಡುವ ಮಾತೇ ಇಲ್ಲ. ಕಳೆದ ಮಳೆಗಾಲದಲ್ಲಿ ಅತ್ತೆಯವರೂ ನಾನೂ ಸೇರಿ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಕ್ರೌನ್’ ಸರಣಿಯ ಆರೂ ಸೀಸನ್ನುಗಳನ್ನು, ಅಂದರೆ ಒಟ್ಟು 60 ಕಂತುಗಳನ್ನು, ನೋಡಿ ಮುಗಿಸಿದೆವು. ದಿನಕ್ಕೆ ಎರಡು ಕಂತಿನಂತೆ ಒಂದೇ ತಿಂಗಳಲ್ಲಿ ಮುಗಿಯಬೇಕಿತ್ತು. ಮರ ಬಿದ್ದು ತಂತಿ ಹರಿದ ದಿನಗಳೂ ಇನ್ವರ್ಟರ್ ಕೈಕೊಟ್ಟ ರಾತ್ರಿಗಳೂ ಸೇರಿ ಅದು ಎರಡು ತಿಂಗಳಾಯಿತು, 199 ರೂಪಾಯಿಯ ಬೇಸಿಕ್ ಪ್ಲ್ಯಾನಿಗೆ ಎರಡು ಸಲ ಹಣ ಕಟ್ಟಿದ್ದಾಯಿತು. ಆ 398 ರೂಪಾಯಿಗೆ ಮೋಸವಾಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಸರಣಿಯ ಬಗ್ಗೆ ಕೇಳಿದವರೆಲ್ಲರಿಗೂ ಇದ್ದದ್ದು ಒಂದೇ ಅನುಮಾನ: ನಟನಟಿಯರೆಲ್ಲ ನಡುವೆ ಬದಲಾಗುತ್ತಾರಂತಲ್ಲ, ಅದನ್ನು ಹೇಗೆ ನೋಡುವುದು?

ಪೀಟರ್ ಮಾರ್ಗನ್ ರಚಿಸಿದ ಈ ಸರಣಿ 2016ರ ನವೆಂಬರಿನಲ್ಲಿ ಶುರುವಾಗಿ 2023ರ ಡಿಸೆಂಬರಿನಲ್ಲಿ ಮುಗಿಯಿತು. ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿಯ ಬದುಕು 1947ರ ಮದುವೆಯಿಂದ 2005ರವರೆಗೆ ಇದರಲ್ಲಿ ಸಾಗುತ್ತದೆ. ಮೊದಲೆರಡು ಸೀಸನ್ನುಗಳಲ್ಲಿ ಕ್ಲೇರ್ ಫಾಯ್, ಮುಂದಿನ ಎರಡರಲ್ಲಿ ಒಲಿವಿಯಾ ಕೋಲ್ಮನ್, ಕೊನೆಯ ಎರಡರಲ್ಲಿ ಇಮೆಲ್ಡಾ ಸ್ಟಾಂಟನ್ ರಾಣಿಯಾಗುತ್ತಾರೆ. ರಾಣಿಯ ಗಂಡ ಫಿಲಿಪ್, ತಂಗಿ ಮಾರ್ಗರೆಟ್ ಮೊದಲಾದವರ ಪಾತ್ರಧಾರಿಗಳೂ ಅದೇ ಲೆಕ್ಕದಲ್ಲಿ ಒಟ್ಟಿಗೇ ಬದಲಾಗುತ್ತಾರೆ. ಯಾರೋ ಮುನಿಸಿಕೊಂಡು ಬಿಟ್ಟುಹೋದದ್ದರಿಂದ ಆದ ಬದಲಾವಣೆ ಇದಲ್ಲ, ಯೋಚಿಸಿಯೇ ಮಾಡಿಕೊಂಡ ಏರ್ಪಾಡು.

ಏರ್ಪಾಡು ಚೆನ್ನಾಗಿದ್ದರೂ ಬೆಸುಗೆ ಕಾಣದಿರುತ್ತದೆಯೇ? ಮೂರನೇ ಸೀಸನ್ನಿನ ಮೊದಲ ಕಂತು ಬಂದ ರಾತ್ರಿ ಅತ್ತೆಯವರು ಹಲಸಿನ ಹಪ್ಪಳ ಮುರಿಯುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿ, “ಇದ್ಯಾರು ಮಾರಾಯ್ತಿ? ಮೊದಲಿನವಳು ಎಲ್ಲಿ ಹೋದಳು?” ಎಂದು ಕೇಳಿದರು. ಇವಳೇ ಅವಳು, ಈಗ ವಯಸ್ಸಾಗಿದೆ ಎಂದು ನಾನು ಹೇಳಿದ್ದಕ್ಕೆ, “ನಿನ್ನೆ ರಾತ್ರಿಯಿಂದ ಇವತ್ತಿಗೆ ಇಷ್ಟು ವಯಸ್ಸೇ?” ಎಂದರು. ನಕ್ಕು ಸುಮ್ಮನಾದೆನಾದರೂ ಅವರು ಹಿಡಿದದ್ದು ಸರಣಿಯ ನಿಜವಾದ ತೊಡಕನ್ನೇ. ಎರಡನೇ ಸೀಸನ್ 1964ರ ಆರಂಭದಲ್ಲಿ ಕೊನೆಗೊಳ್ಳುತ್ತದೆ, ಮೂರನೆಯದು ಅದೇ ವರ್ಷದ ಅಕ್ಟೋಬರಿನಲ್ಲಿ, ಹೆರಾಲ್ಡ್ ವಿಲ್ಸನ್ ಚುನಾವಣೆ ಗೆಲ್ಲುವ ಹೊತ್ತಿಗೆ, ತೆರೆದುಕೊಳ್ಳುತ್ತದೆ. ಕಥೆಯಲ್ಲಿ ಕಳೆದದ್ದು ಕೆಲವೇ ತಿಂಗಳು, ಆದರೆ ಕೋಲ್ಮನ್ ಫಾಯ್‌ಗಿಂತ ಹತ್ತು ವರ್ಷ ದೊಡ್ಡವರು.

ಮಾರ್ಗನ್ ಈ ತೊಡಕನ್ನು ಮುಚ್ಚಿಡದೆ ಅಂಗಳದಲ್ಲೇ ಹರಡಿ ಕೂತಿರುವುದು ನನಗೆ ಬಹಳ ಇಷ್ಟವಾಯಿತು. ಕಂತಿನ ಮೊದಲ ದೃಶ್ಯದಲ್ಲಿಯೇ ಅಂಚೆಚೀಟಿಗಾಗಿ ಸಿದ್ಧಪಡಿಸಿದ ರಾಣಿಯ ಹೊಸ ಚಿತ್ರವನ್ನು ಅಧಿಕಾರಿಗಳು ತಂದು ತೋರಿಸುತ್ತಾರೆ. ಪಕ್ಕದಲ್ಲಿ ಹಳೆಯದೂ ಇದೆ. ಒಂದರಲ್ಲಿ ಫಾಯ್ ಅವರ ಮುಖ, ಇನ್ನೊಂದರಲ್ಲಿ ಕೋಲ್ಮನ್ ಅವರದು. ಅಧಿಕಾರಿಗಳು ಮಾತಿಗೆ ತಡಕಾಡುತ್ತಿರುವಾಗ ರಾಣಿ ತನ್ನ ವಯಸ್ಸನ್ನು ತಾನೇ ಒರಟಾಗಿ ಆಡಿಕೊಂಡು, ಆದದ್ದು ಆಯಿತೆಂಬಂತೆ ಮುಂದಿನ ಕೆಲಸಕ್ಕೆ ತಿರುಗುತ್ತಾಳೆ. ಪ್ರೇಕ್ಷಕರ ಗೊಂದಲವನ್ನು ಪಾತ್ರದ ಬಾಯಲ್ಲೇ ಆಡಿಸಿ ಮುಗಿಸುವ ಈ ಜಾಣತನದ ಮೇಲೆ ಅತ್ತೆಯವರೂ ತಕರಾರು ತೆಗೆಯಲಿಲ್ಲ. ಮೂರನೇ ಕಂತಿನ ಹೊತ್ತಿಗೆ ಕೋಲ್ಮನ್ ಅತ್ತೆಯವರ ಪಾಲಿಗೆ “ನಮ್ಮ ರಾಣಿ” ಆಗಿದ್ದರು.

ಐದನೇ ಸೀಸನ್ನಿನ ಬೆಸುಗೆ ಅಷ್ಟು ನಯವಾಗಿಲ್ಲ. ಇಲ್ಲಿಯೂ ಕಥೆ 1990ರ ಕೊನೆಯಿಂದ 1991ಕ್ಕೆ ಮಾತ್ರ ಜರುಗುತ್ತದೆ, ಆದರೆ ನಟಿಯರ ವಯಸ್ಸಿನ ಅಂತರ ಹದಿನೆಂಟು ವರ್ಷ. ಸ್ಟಾಂಟನ್ ಒಳ್ಳೆಯ ನಟಿಯೇ, ಆದರೂ ಫಾಯ್ ಮತ್ತು ಕೋಲ್ಮನ್ ಇಬ್ಬರೂ ಉಳಿಸಿಕೊಂಡಿದ್ದ, ಮಾತು ತುಟಿಯವರೆಗೆ ಬಂದು ಹಿಂದೆ ಸರಿಯುವ ಆ ತಡವರಿಕೆ ಅವರಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಚಾರ್ಲ್ಸ್ ಪಾತ್ರದ ಬದಲಾವಣೆಯಂತೂ ನನ್ನ ಮಟ್ಟಿಗೆ ಇಡೀ ಸರಣಿಯ ದೊಡ್ಡ ಸೋಲು. ಜಾಶ್ ಓಕಾನರ್ ಮೂರು ಮತ್ತು ನಾಲ್ಕನೇ ಸೀಸನ್ನುಗಳಲ್ಲಿ ಹೆಗಲು ಕುಗ್ಗಿಸಿ, ಕತ್ತು ಮುಂದೆ ಚಾಚಿ ಕಟ್ಟಿದ ಅಳುಕಿನ ರಾಜಕುಮಾರ, ಡಾಮಿನಿಕ್ ವೆಸ್ಟ್ ಬಂದೊಡನೆ ಎದೆಯುಬ್ಬಿಸಿ ನಡೆಯತೊಡಗುತ್ತಾನೆ. “ಇವನಿಗೆ ಅಪ್ಪನ ಹೆದರಿಕೆಯೇ ಇಲ್ಲ” ಎಂದರು ಅತ್ತೆ. ಅದಕ್ಕಿಂತ ಚಿಕ್ಕದಾದ, ಚೊಕ್ಕವಾದ ವಿಮರ್ಶೆ ನನ್ನಿಂದ ಸಾಧ್ಯವಿಲ್ಲ. ಇದಕ್ಕೆ ತದ್ವಿರುದ್ಧ ಉದಾಹರಣೆ ಡಯಾನಾ: ಎಮ್ಮಾ ಕೋರಿನ್ ಅವರಿಂದ ಪಾತ್ರವನ್ನು ಪಡೆದ ಎಲಿಜಬೆತ್ ಡೆಬಿಕಿ ಎತ್ತರದಲ್ಲಿ ಎದ್ದು ಕಾಣುವಷ್ಟು ಬೇರೆಯಾಗಿದ್ದರೂ, ತಲೆ ತಗ್ಗಿಸಿ ಕಣ್ಣನ್ನಷ್ಟೇ ಮೇಲೆತ್ತುವ ನೋಟವನ್ನು ಹಾಗೆಯೇ ಮುಂದುವರಿಸಿದ್ದರಿಂದ ನಮಗೆ ಬದಲಾದದ್ದೇ ತಿಳಿಯಲಿಲ್ಲ.

ನಮ್ಮ ಧಾರಾವಾಹಿಗಳಲ್ಲಿಯೂ ಮುಖಗಳು ಬದಲಾಗುತ್ತವೆ. 2013ರಲ್ಲಿ ಶುರುವಾದ ‘ಲಕ್ಷ್ಮೀ ಬಾರಮ್ಮ’ದಲ್ಲಿ ಕವಿತಾ ಗೌಡ ಮಾಡುತ್ತಿದ್ದ ಚಿನ್ನು ಪಾತ್ರಕ್ಕೆ ರಶ್ಮಿ ಪ್ರಭಾಕರ್ ಬಂದರು, ಚಂದನ್ ಪಾತ್ರವೂ ಕೈಯಿಂದ ಕೈಗೆ ದಾಟಿತು. ಪರದೆಯ ಮೇಲೆ ಹೊಸಬರು ಹಳೆಯ ಸೀರೆಯಲ್ಲಿ ಅದೇ ಅಡುಗೆಮನೆಗೆ ಬಂದು ನಿಂತರೆ ಆಯಿತು, ಯಾಕೆ, ಏನು ಎಂದು ಕಥೆಯೊಳಗೆ ಯಾರೂ ಕೇಳುವಂತಿಲ್ಲ. ಬ್ರಿಟನ್ನಿನದೇ ‘ಡಾಕ್ಟರ್ ಹೂ’ ಇದಕ್ಕೊಂದು ವಿಚಿತ್ರ ಪರಿಹಾರ ಹುಡುಕಿತು. 1963ರಲ್ಲಿ ಶುರುವಾದ ಆ ಸರಣಿಯ ಮೊದಲ ನಾಯಕ ವಿಲಿಯಂ ಹಾರ್ಟ್ನೆಲ್ 1966ರಲ್ಲಿ ಅನಾರೋಗ್ಯದಿಂದಾಗಿ ಬಿಡಬೇಕಾಗಿ ಬಂದಾಗ, ನಾಯಕ ತನ್ನ ದೇಹವನ್ನೇ ಬದಲಿಸಿಕೊಳ್ಳಬಲ್ಲ ಅನ್ಯಲೋಕದವನೆಂದು ಕಥೆಯನ್ನೇ ಬಗ್ಗಿಸಲಾಯಿತು. ಅಮೆರಿಕದ ‘ಲಾ ಅಂಡ್ ಆರ್ಡರ್’ ಇನ್ನೊಂದು ತುದಿ. 1990ರಿಂದ 2010ರವರೆಗೆ ಮೊದಲ ಸುತ್ತಿನಲ್ಲಿ ಇಪ್ಪತ್ತು ಸೀಸನ್ ಓಡಿದ ಅದರಲ್ಲಿ, ಮೊದಲ ಸೀಸನ್ನಿನ ಮುಖ್ಯ ನಟರ ಪೈಕಿ ಕೊನೆಯವರಾದ ಸ್ಟೀವನ್ ಹಿಲ್ 2000ದಲ್ಲಿಯೇ ಹೊರನಡೆದಿದ್ದರು. ಅರ್ಧ ಭಾಗ ಪೊಲೀಸರ ತನಿಖೆ, ಉಳಿದರ್ಧ ನ್ಯಾಯಾಲಯ ಎಂಬ ಚೌಕಟ್ಟು ಗಟ್ಟಿಯಿದ್ದುದರಿಂದ ಅದು ನಿಂತಿತು.

ಇಷ್ಟಕ್ಕೂ ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸದಾಗಬಾರದು. ‘ನಳ ದಮಯಂತಿ’ ಪ್ರಸಂಗದಲ್ಲಿ ಕಾರ್ಕೋಟಕ ಕಚ್ಚಿದ ಮೇಲೆ ನಳ ಬಾಹುಕನಾಗುತ್ತಾನೆ, ಬಾಹುಕನನ್ನು ಹೆಚ್ಚಾಗಿ ಬೇರೆಯೇ ಕಲಾವಿದರು ಮಾಡುತ್ತಾರೆ, ಬಯಲಿನಲ್ಲಿ ಕೂತ ಯಾರೂ ನಳನೆಲ್ಲಿ ಎಂದು ಕೇಳುವುದಿಲ್ಲ. ಅತ್ತೆಯವರಿಗೆ ಇದನ್ನು ನೆನಪಿಸಿದಾಗ ಅವರು ಒಪ್ಪಲಿಲ್ಲ. ಅಲ್ಲಿ ಹಾವು ಕಚ್ಚುವುದನ್ನು ಕಣ್ಣಾರೆ ನೋಡಿರುತ್ತೇವೆ, ಇಲ್ಲಿ ಕಚ್ಚಿದ್ದು ಯಾವ ಹಾವು ಎಂಬುದು ಅವರ ವಾದ. ಅಂಚೆಚೀಟಿಯ ದೃಶ್ಯ ಕೆಲಸ ಮಾಡಿದ್ದೂ ಐದನೇ ಸೀಸನ್ ಮುಗ್ಗರಿಸಿದ್ದೂ ಇದರಿಂದಲೇ ಎಂದು ಈಗ ನನಗೂ ಅನ್ನಿಸುತ್ತದೆ.

ಕೊಳ್ಳುವವರಿಗೆ ಎರಡು ಮಾತು. ರಾಜಮನೆತನದವರ ಇಂಗ್ಲಿಷ್ ಮೂಗಿನಲ್ಲೇ ಅರ್ಧ ಉಳಿಯುವುದರಿಂದ ಸಬ್‌ಟೈಟಲ್ ಹಾಕಿಕೊಂಡೇ ನೋಡಬೇಕು. ಹಿರಿಯರು ಜೊತೆಗಿದ್ದರೆ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುವ ವ್ಯವಧಾನವೂ ಬೇಕು. ಸಮಯ ಕಡಿಮೆಯಿದ್ದವರು ಮೊದಲ ನಾಲ್ಕು ಸೀಸನ್ನುಗಳನ್ನು ನೋಡಿ, ಐದನೆಯದನ್ನು ಡೆಬಿಕಿ ಅವರಿಗಾಗಿ ದಾಟಿ, ಆರನೆಯದರ ಕೊನೆಯ ಕಂತಿಗೆ ಬಂದರೆ ನಷ್ಟವಿಲ್ಲ. ತನ್ನ ಅಂತ್ಯಸಂಸ್ಕಾರದ ಸಿದ್ಧತೆಯನ್ನು ತಾನೇ ನೋಡಿಕೊಳ್ಳಬೇಕಾದ ಮುದಿ ರಾಣಿಯ ಮುಂದೆ ಆ ಕಂತಿನಲ್ಲಿ ಕೋಲ್ಮನ್ ಮತ್ತು ಫಾಯ್ ಮರಳಿ ಬರುತ್ತಾರೆ. ಕ್ಲೇರ್ ಫಾಯ್ ಕಾಣಿಸಿದಾಗ ಹೊರಗೆ ಮಾಡಿನ ನೀರು ಧೋ ಎನ್ನುತ್ತಿತ್ತು, ಅರ್ಧ ನಿದ್ದೆಯಲ್ಲಿದ್ದ ಅತ್ತೆ ನೆಟ್ಟಗೆ ಕೂತು, “ಹಾಂ, ಮೊದಲಿನವಳು ಬಂದಳು ನೋಡು” ಎಂದರು.