ತಲೆಭಾರದ ರ‍್ಯಾಕೆಟ್ ಕೊಳ್ಳುವ ಮುನ್ನ

ಕಳೆದ ವರ್ಷ ಏಳು ಸಾವಿರ ರೂಪಾಯಿ ಕೊಟ್ಟು ಕೊಂಡ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನಿಂದಾಗಿ ಮೂರೇ ತಿಂಗಳಲ್ಲಿ ನನ್ನ ಬಲ ಮೊಣಕೈ ನೋಯತೊಡಗಿ, ಹಾಲಿನ ಪಾತ್ರೆ ಎತ್ತಲೂ ಎಡಗೈಯನ್ನೇ ನೆಚ್ಚಬೇಕಾಯಿತು. ನನ್ನಂತೆ ಬೆಳಿಗ್ಗೆ ಒಂದು ಗಂಟೆ ಡಬಲ್ಸ್ ಆಡುವವರು ಇದೇ ತಪ್ಪು ಮಾಡಬಾರದೆಂದು ಬರೆಯುತ್ತಿದ್ದೇನೆ.

ನಾನು ನೆಟ್ಟಿನ ಹತ್ತಿರ ನಿಂತು ಆಡುವವನು. ನೆಟ್ಟಿನ ಮೇಲೆ ನೇರವಾಗಿ ಸಾಗುವ ಡ್ರೈವ್ ಮತ್ತು ನೆಟ್ ದಾಟಿ ಅಲ್ಲೇ ಬೀಳುವ ಡ್ರಾಪ್ ನನ್ನ ಬಲ, ಮೇಲಿನಿಂದ ಜೋರಾಗಿ ಕೆಳಕ್ಕೆ ಹೊಡೆಯುವ ಸ್ಮ್ಯಾಶ್ ಅಪರೂಪ. ಅಂಗಡಿಯವರು ಇದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. "ದೊಡ್ಡ ಪ್ಲೇಯರ್‌ಗಳೆಲ್ಲ ಹಿಡಿಯೋದು ಇದೇ ಸರ್" ಎಂದು ಗೋಡೆಯಿಂದ ಇಳಿಸಿಕೊಟ್ಟದ್ದು 3ಯು ಎಂಬ ತೂಕದರ್ಜೆಯ, ತಲೆಯ ಕಡೆ ಭಾರವಿರುವ, ಬಹಳ ಬಿಗಿಯಾದ ಶಾಫ್ಟಿನ (ಹಿಡಿಗೂ ತಲೆಗೂ ನಡುವಿನ ಕೋಲಿನ) ರ‍್ಯಾಕೆಟ್. ಅದಕ್ಕೆ 28 ಪೌಂಡ್ ಬಿಗಿಗೆ ಗಟ್ (ತಲೆಯಲ್ಲಿ ಹೆಣೆಯುವ ದಾರ) ಹಾಕಿಸಿದೆ.

ತಲೆಭಾರವು ಹಿಂದಿನ ಅಂಕಣದಿಂದ ಪೂರ್ತಿ ಕೈ ಬೀಸಿ ಹೊಡೆಯುವವರಿಗೆ ನೆರವಾಗುತ್ತದೆ. ಎದುರಾಳಿಯ ಡ್ರೈವ್ ಎದೆಗೆ ನೇರವಾಗಿ ಬಂದಾಗ ನಾನು ರ‍್ಯಾಕೆಟ್ ಎತ್ತುವಷ್ಟರಲ್ಲಿ ಶಟಲ್ ಫ್ರೇಮಿಗೆ ಟಕ್ಕೆಂದು ತಾಗಿ ಪಕ್ಕಕ್ಕೆ ಹಾರುತ್ತಿತ್ತು. ಬಿಗಿ ಶಾಫ್ಟ್ ಬಾಗಬೇಕಾದರೆ ಕೈಬೀಸು ವೇಗವಾಗಿರಬೇಕು. ಆ ವೇಗವಿಲ್ಲದವರಿಗೆ ಅದು ಏನನ್ನೂ ಹಿಂದಿರುಗಿಸದೆ, ಶ್ರಮವನ್ನೆಲ್ಲ ತೋಳಿನ ಮೇಲೆ ಹೇರುತ್ತದೆ. ಗಟ್ಟಿನ ಬಿಗಿ ಹೆಚ್ಚಿದಷ್ಟೂ ಚೆನ್ನಾಗಿ ಹೊಡೆತ ಕೂರುವ ನಡುಭಾಗ ಕಿರಿದಾಗುತ್ತದೆ, ಅದರಾಚೆ ತಾಗಿದ ಪ್ರತಿ ಹೊಡೆತದ ನಡುಕ ಮೊಣಕೈಗೆ ಏರುತ್ತದೆ. ಎದುರಾಳಿಯ ಹಿಂದಿನ ಗೆರೆಯತ್ತ ಎತ್ತರಕ್ಕೆ ಹೊಡೆಯುವ ನನ್ನ ಕ್ಲಿಯರ್‌ಗಳು ಅರ್ಧ ಅಂಕಣದಲ್ಲೇ ಬೀಳುತ್ತಿದ್ದುದರಿಂದ ಇನ್ನೂ ಜೋರಾಗಿ ಹೊಡೆದೆ, ನೋವು ಇನ್ನೂ ಹೆಚ್ಚಿತು.

ಹಿಡಿಯ ಮೇಲ್ತುದಿಯ ಶಂಕುವಿನಾಕಾರದ ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವುದನ್ನು ದಯವಿಟ್ಟು ಓದಿ. 3ಯು ಎಂದರೆ ಸುಮಾರು 85ರಿಂದ 89 ಗ್ರಾಂ, 4ಯು ಎಂದರೆ 80ರಿಂದ 84 ಗ್ರಾಂ. ಈ ಐದು ಗ್ರಾಂ ಅಂಗಡಿಯಲ್ಲಿ ತಿಳಿಯುವುದಿಲ್ಲ, ಮೂರನೆಯ ಗೇಮಿನಲ್ಲಿ ತಿಳಿಯುತ್ತದೆ. ಸಮತೋಲವನ್ನು, ಅಂದರೆ ಬೆರಳ ಮೇಲಿಟ್ಟಾಗ ಯಾವ ಕಡೆಗೂ ವಾಲದೆ ನಿಲ್ಲುವ ಜಾಗದ ದೂರವನ್ನು, ಹಿಡಿಯ ತುದಿಯಿಂದ ಅಳೆಯುತ್ತಾರೆ: ಸ್ಥೂಲವಾಗಿ 295 ಮಿಲಿಮೀಟರ್ ಮೀರಿದರೆ ತಲೆಭಾರ, 285ಕ್ಕಿಂತ ಕಡಿಮೆಯಾದರೆ ತಲೆಹಗುರ. ಅಳತೆಪಟ್ಟಿ ಇಲ್ಲದಿದ್ದರೆ ಎರಡು ರ‍್ಯಾಕೆಟ್‌ಗಳನ್ನು ಒಂದಾದ ಮೇಲೊಂದು ಬೆರಳ ಮೇಲೆ ನಿಲ್ಲಿಸಿ ನೋಡಿದರೂ ವ್ಯತ್ಯಾಸ ಕಾಣುತ್ತದೆ.

1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರು ಸ್ಮ್ಯಾಶಿಗೆ ಹೆಸರಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿದ್ದು ನಿಯಂತ್ರಣದ ಆಟದಿಂದ. ಆ ಬಗೆಯ ಆಟವನ್ನು ಮೆಚ್ಚಿ ಬೆಳೆದ ನಾನು ಸ್ಮ್ಯಾಶ್ ಹೊಡೆಯುವವರ ರ‍್ಯಾಕೆಟ್ಟಿಗೆ ಮರುಳಾದೆನೆಂಬುದು ಇಂದಿಗೂ ನೋಯಿಸುತ್ತದೆ.

ಗಟ್ ಹಾಕಿಸಿಯಾಗಿದೆ ಎಂಬ ಕಾರಣಕ್ಕೆ ಅಂಗಡಿಯವರು ರ‍್ಯಾಕೆಟ್ ವಾಪಸ್ ತೆಗೆದುಕೊಳ್ಳಲಿಲ್ಲ. ಆರು ವಾರ ಆಟ ಬಿಟ್ಟು, ಬಳಿಕ ಜೊತೆಯಾಟಗಾರರೊಬ್ಬರ 4ಯು ತೂಕದ, ಮೆದು ಶಾಫ್ಟಿನ ರ‍್ಯಾಕೆಟ್ಟನ್ನು ಎರವಲು ಪಡೆದು ಒಂದು ವಾರ ಆಡಿ ನೋಡಿದೆ. ಅಂಥದ್ದನ್ನೇ ಅರ್ಧ ಬೆಲೆಗೆ ಕೊಂಡು 23 ಪೌಂಡಿಗೆ ಗಟ್ ಹಾಕಿಸಿದ್ದೇನೆ. ಹಳೆಯದು ಅಟ್ಟದ ಮೇಲಿದೆ.